ಅಂಗೈಗೆ ಬರುವ ತಟ್ಟು

ಹಳೆಯ ಕಂಟ್ರೋಲರ್ ಕೆಟ್ಟಿದ್ದರಿಂದ ಶಾರವ್ವ ಇವತ್ತು ಮಗಳ ಗೇಮ್ ಕನ್ಸೋಲಿನದನ್ನೇ ಕಂಪ್ಯೂಟರಿಗೆ ಸಿಕ್ಕಿಸಿ, ಈಗಿನ ಎಲ್ಲ ಡ್ರೈವರುಗಳಂತೆ ಮನೆಯಲ್ಲೇ ಕೂತು ದೂರದಿಂದ ಧಾರವಾಡದ ನಿಜವಾದ ಬಸ್ಸು ಓಡಿಸುತ್ತಿದ್ದಳು. ಪರದೆಯ ಮೇಲೆ ಬರೀ ರಸ್ತೆ ಕಾಣುತ್ತಿತ್ತು. ಕಣ್ಣು ಕಾಣದ ಗುರುಪಾದಜ್ಜ ದಿನಾ ನವನಗರದಲ್ಲಿ ಹತ್ತಿ, ಕೂತ ಮೇಲೆ ಕಂಬಿಯನ್ನು ಎರಡು ಸಲ ತಟ್ಟುತ್ತಿದ್ದ. ಆ ತಟ್ಟು ಕಂಟ್ರೋಲರಿನಲ್ಲಿ ನಡುಗಿ ಅಂಗೈಗೆ ಬಂದ ಮೇಲೆಯೇ ಅವಳು ಬಸ್ಸು ಬಿಡುವುದು.

ಇವತ್ತು ಅದು ನಡುಗಲೇ ಇಲ್ಲ.

“ಬಸ್ ಯಾಕ ನಿಂದರ್ಸೀದಿ?” ರೊಟ್ಟಿ ಬಡಿಯುತ್ತಿದ್ದ ಗಂಡ ಕೇಳಿದ.

“ಅಜ್ಜ ಇನ್ನಾ ಕುಂತಿಲ್ರಿ. ನಾ ಬಿಟ್ರ ಬಿದ್ದಗಿದ್ದಾನು.”

“ನಿನ್ನ ಕೈಯಾಗಿಂದು ಕನ್ಸೋಲಿಂದು. ಕಂಪ್ಯೂಟರಿನ್ಯಾಗ ವೈಬ್ರೇಷನ್ ಚಾಲೂ ಮಾಡೀಯೇನ?”

ಶಾರವ್ವ ನಾಲಿಗೆ ಕಚ್ಚಿಕೊಂಡು ಚಾಲೂ ಮಾಡಿದಳು.

ಅಂಗೈ ನಡುಗಿತು. ಎರಡು ಸಲ, ಮತ್ತೆ ಎರಡು ಸಲ, ಮತ್ತೆ. ಅಜ್ಜ ಅಷ್ಟೂ ಹೊತ್ತು ತಟ್ಟುತ್ತಲೇ ಕೂತಿದ್ದ.