ಗುಡಾಣದ ದನಿ

“ದಪ್ಪ ದನಿ ಎಲ್ಲಿಂದ ಬತ್ತೈತೆ, ಹೇಳಣ್ಣ,” ಎಂದು ತೋಂಟದಾರ್ಯ ಟೇಪ್ ರೆಕಾರ್ಡರಿನ ಮೇಲೆ ಕೈಯಿಟ್ಟುಕೊಂಡೇ ಕೇಳಿದ. ದೊಡ್ಡ ಸ್ಪೀಕರೊಂದನ್ನು ರಾಗಿ ತುಂಬುವ ಗುಡಾಣದ ಬಾಯಿಗೆ ಕೂರಿಸಿ ಮಂಚದ ಹಿಂದೆ ಬಚ್ಚಿಟ್ಟಿದ್ದ. ಅದರ ದನಿ ಗೋಡೆಯ ಮೇಲಿನ ಎರಡು ಸಣ್ಣ ಪೆಟ್ಟಿಗೆಗಳ ದನಿಯಲ್ಲಿ ಬೆರೆತುಹೋಗಬೇಕು, ಬೇರೆಯಾಗಿ ಕೇಳಿಸಿದರೆ ಕೆಲಸ ಕೆಟ್ಟಿತೆಂದೇ ಅವನ ಲೆಕ್ಕ. ಪರೀಕ್ಷೆಗೆ ಅಣ್ಣ ಮರುಳಸಿದ್ದಯ್ಯನ ಕಿವಿಗಿಂತ ದೊಡ್ಡ ಕಿವಿ ತಿಪಟೂರಿನಲ್ಲೇ ಇರಲಿಲ್ಲ. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುವುದರಿಂದಲೇ ಅವನ ವ್ಯಾಪಾರ, ಮನೆ, ಮರ್ಯಾದೆ ಎಲ್ಲ ನಡೆದಿತ್ತು.

ಮರುಳಸಿದ್ದಯ್ಯ ಕಣ್ಣು ಮುಚ್ಚಿ ಆಲಿಸಿದ. “ಗೊತ್ತಾಗ್ತಿಲ್ಲ ಕಣ್ಲಾ.”

“ನೋಡಿದ್ರಾ ಅತ್ತಿಗೆ, ಅಣ್ಣಂಗೇ ಗೊತ್ತಾಗ್ನಿಲ್ಲ,” ಎಂದು ತೋಂಟದಾರ್ಯ ಪದಕ ಸಿಕ್ಕವನಂತೆ ಬೀಗಿ ಗುಂಡಿಯನ್ನು ಇನ್ನಷ್ಟು ತಿರುಗಿಸಿದ. ಗುಡಾಣ ಗುಮ್ಮೆಂದಿತು. ಅಟ್ಟದ ಮೇಲೆ ವರ್ಷದಿಂದ ಒಣಗುತ್ತಿದ್ದ ಕಾಯಿಗಳೆಲ್ಲ ಅದುರಿ, ಒಳಗಿನ ಕೊಬ್ಬರಿ ಒಟ್ಟಿಗೆ ಲೊಡಲೊಡ ಸದ್ದು ಮಾಡತೊಡಗಿತು. “ಕೊಬ್ಬರೀನೂ ತಾಳ ಹಾಕ್ತೈತಲ್ಲಪ್ಪ,” ಎಂದು ಮರುಳಸಿದ್ದಯ್ಯನ ಹೆಂಡತಿ ದ್ರಾಕ್ಷಾಯಣಮ್ಮ ನಗುತ್ತ ಮೇಲೆ ನೋಡಿದಳು. ತೋಂಟದಾರ್ಯನೂ ನೋಡಿದ.

ಮರುಳಸಿದ್ದಯ್ಯ ಕಣ್ಣು ಬಿಟ್ಟಾಗ ಇಬ್ಬರೂ ಕತ್ತೆತ್ತಿ ನಿಂತಿದ್ದರು. ತಾನೂ ಮೇಲೆ ನೋಡಿದ. “ಯಾಕೆ, ಅಟ್ಟದಾಗೆ ಇಲಿ ಕಂಡ್ತಾ?” ಎಂದ.

ತೋಂಟದಾರ್ಯನ ಕೈ ಗುಂಡಿಯ ಮೇಲೇ ನಿಂತಿತು. ಅಟ್ಟ ಇನ್ನೂ ಸದ್ದು ಮಾಡುತ್ತಲೇ ಇತ್ತು.

“ಹೂಂ ಕಣ್ರೀ,” ಎಂದಳು ದ್ರಾಕ್ಷಾಯಣಮ್ಮ, ಗಂಡನ ಮುಖ ನೋಡದೆ. “ಇಲಿ.”