ನಾಣ್ಯದ ಮೇಲಿನ ಕೈ

ಬಿಸಿ ರೊಟ್ಟಿಯ ಬುಟ್ಟಿ ಹಿಡಿದು ಅಡುಗೆಮನೆಯಿಂದ ಬಂದ ನೀಲಕ್ಕ, ಟಿವಿ ಪರದೆ ನೋಡಿ ಅಲ್ಲೇ ನಿಂತಳು. ಕರ್ನಾಟಕದ ಸ್ಮರಣಾರ್ಥ ನಾಣ್ಯಕ್ಕೆ ದೋಹಾದ ಕನ್ನಡ ಸಂಘದಿಂದ ಒಂದು ಚಿತ್ರ ಆರಿಸಿ ಕಳಿಸಬೇಕಿತ್ತು. ಅಲ್ ಹಿಲಾಲ್ ಬಡಾವಣೆಯ ಫ್ಲಾಟೊಂದರಲ್ಲಿ ಸೇರಿದ್ದ ಗಂಡಸರೆಲ್ಲ, ಪರದೆಯ ಮೇಲಿದ್ದ, ರೊಟ್ಟಿ ಬಡಿಯುವ ಎರಡು ಕೈಗಳ ಚಿತ್ರಕ್ಕೆ ಕೈಯೆತ್ತಿ ಕೂತಿದ್ದರು. ಚಿತ್ರದ ಬಲಗೈ ಮೇಲೆ ಅವಳದೇ ಚೇಳಿನ ಹಚ್ಚೆ.

"ಇವು ನನ್ನ ಕೈ ಅಲ್ಲೇನ್ರೀ? ಮುಖ ಎಲ್ಲಿ ಹೋತು?"

"ನಮ್ಮ ಪಿಕ್‌ನಿಕ್ಕಿನ ಫೋಟೋ ನೋಡಿ ಬರೆಸಿದ್ದು ಅಕ್ಕ," ಎಂದು ಕಾರ್ಯದರ್ಶಿ ಪೃಥ್ವಿರಾಜ್ ನಕ್ಕ. "ಮುಖ ಹಾಕಿದ್ರೆ ಒಬ್ಬರದ್ದೇ ಆಗ್ತದೆ. ಬರೀ ಕೈ ಆದ್ರೆ ಎಲ್ಲ ಹೆಂಗಸರಿಗೂ ಗೌರವ ಅಲ್ವಾ?"

"ಗೌರವ ಕೊಡೋರು ಒಂದ್ ಮಾತು ಕೇಳಬೇಕಿತ್ತು. ಒಳಗ ನಾವು ಇಷ್ಟ್ ಮಂದಿ ಹೆಣ್ಮಕ್ಕಳು ಅದೀವಿ. ನಮಗ ವೋಟಿಲ್ಲೇನು?"

"ಖಲಾಸ್, ವೋಟ್ ಆತು," ಎಂದ ಅವಳ ಗಂಡ ವೀರೇಂದ್ರ, ಎತ್ತಿದ್ದ ಕೈ ಇಳಿಸುತ್ತ. "ಎಲ್ಲಾರೂ ಹಸದಾರ. ಹೋಗು, ರೊಟ್ಟಿ ಬಡಿ."

ನೀಲಕ್ಕ ಬುಟ್ಟಿಯನ್ನು ಅವನ ತೊಡೆಯ ಮೇಲೆ ಕುಕ್ಕಿದಳು. ಕೈಗೆ ಮೆತ್ತಿದ್ದ ಹಿಟ್ಟನ್ನು ಅವನ ಇಸ್ತ್ರಿ ಅಂಗಿಗೇ ಒರೆಸಿ, ಪಕ್ಕದ ಕುರ್ಚಿ ಎಳೆದು ಕೂತಳು.

"ಕೈ ಅಲ್ಲೇ ಅದಾವಲ್ಲ," ಎಂದು ಪರದೆ ತೋರಿಸಿದಳು. "ಬಡೀ ಅಂತ ಅವಕ್ಕ ಹೇಳ್ರಿ."