ರೊಟ್ಟಿಕರೆ

“ಯೂಸರ್ಸ್ ಎಷ್ಟು ಜನ ಇದಾರೆ ಸಾರ್?” ಎಂದು ಕಾರ್ಯಕ್ರಮ ನಡೆಸುತ್ತಿದ್ದ ಸಿದ್ಧಾರ್ಥ್ ಮೈಕಿನಲ್ಲಿ ಕೇಳಿದಾಗ ಕರಿಬಸಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ಉತ್ತರ ಕನ್ನಡಕದಲ್ಲೇನೂ ಇರಲಿಲ್ಲ. “ಸದ್ಯಕ್ಕ ನಾನೊಬ್ಬನ,” ಎಂದರು.

ಮಹದೇವಪುರದ ಟೆಕ್ ಪಾರ್ಕೊಂದರಲ್ಲಿ ಶನಿವಾರದ ಮೀಟಪ್ ನಡೆದಿತ್ತು. ಹೊಸ ವೆಬ್ ಆ್ಯಪ್ ಮಾಡಿದವರು ಬಂದು ತೋರಿಸುವುದು, ಉಳಿದವರು ಚಪ್ಪಾಳೆ ತಟ್ಟುವುದು, ಆಮೇಲೆ ಎಲ್ಲರೂ ಪಿಜ್ಜಾ ತಿನ್ನುವುದು. ಗಣಿತದ ಮೇಷ್ಟ್ರಾಗಿ ನಿವೃತ್ತರಾಗಿ, ರಾಣೆಬೆನ್ನೂರಿನಿಂದ ಪಕ್ಕದ ರಸ್ತೆಯಲ್ಲಿದ್ದ ಮಗನ ಅಪಾರ್ಟ್‌ಮೆಂಟಿಗೆ ಬಂದ ಕರಿಬಸಪ್ಪನವರಿಗೆ ಇದರ ಹುಚ್ಚು ಹೇಗೆ ಹಿಡಿಯಿತೋ ಆ ಶಿವನೇ ಬಲ್ಲ. ಅವರ ಬೀರುವಿನಲ್ಲಿ ಈಗ ಪಂಚೆಗಳಿಗಿಂತ ಮೀಟಪ್‌ನವರು ಕೊಟ್ಟ ಟೀ ಶರ್ಟುಗಳೇ ಹೆಚ್ಚು. ಆದರೆ ಇಲ್ಲೊಂದು ನಿಯಮವಿತ್ತು. ಮೂರನೇ ಸಲ ತೋರಿಸುವ ಹೊತ್ತಿಗೂ ಮಾಡಿದವನನ್ನು ಬಿಟ್ಟು ಇನ್ನೊಬ್ಬರು ಬಳಸದಿದ್ದರೆ, ಆ ಮನುಷ್ಯ ಮತ್ತೆ ವೇದಿಕೆ ಹತ್ತುವಂತಿಲ್ಲ. ಕೆಳಗೆ ಕುಳಿತು ಚಪ್ಪಾಳೆ ತಟ್ಟಬೇಕು. ಕರಿಬಸಪ್ಪನವರಿಗೆ ಇದು ಮೂರನೇ ಸಲ. ರಾತ್ರಿಯೆಲ್ಲ ನಿದ್ದೆ ಬಂದಿರಲಿಲ್ಲ.

ಆ್ಯಪ್‌ನ ಹೆಸರು ‘ರೊಟ್ಟಿಕರೆ’. ಊಟಕ್ಕೆ ಕುಳಿತವರು ಮೊಬೈಲಿನಲ್ಲಿ ‘ಬೇಕು’ ಎಂದು ಒತ್ತಿದರೆ, ಅಡುಗೆಮನೆಯ ಗೋಡೆಗೆ ತೂಗುಹಾಕಿದ ಹಳೆಯ ಫೋನು ಹೆಸರು ಹಿಡಿದು ಕೂಗುತ್ತದೆ. ಒಳಗಿದ್ದವರು ರೊಟ್ಟಿ ತರಬೇಕು. ಒಳಗಿದ್ದವರು ಎಂದರೆ ಅವರ ಹೆಂಡತಿ ಗಂಗಮ್ಮ. “ಹಸಿವಾದ್ರ ಬಾಯಿಲೆ ಕೇಳ್ರಿ. ಮೂರು ಮಾರು ದೂರ ಕುಂತು ಫೋನ್ ಯಾಕ?” ಎಂದು ಆಕೆ ಆ ಫೋನಿನ ಮೇಲೆ ಕೈ ಒರೆಸುವ ಬಟ್ಟೆ ಒಣಹಾಕಿದ್ದರು. ಮಗ ಸೊಸೆ ಇಬ್ಬರೂ ಡಯೆಟ್‌ನವರು, ರೊಟ್ಟಿಯ ತಂಟೆಗೇ ಬರುತ್ತಿರಲಿಲ್ಲ.

ಕರಿಬಸಪ್ಪನವರು ತಮ್ಮ ಫೋನನ್ನು ಹಾಲ್‌ನ ಪರದೆಗೂ ಸ್ಪೀಕರಿಗೂ ಜೋಡಿಸಿ ಕ್ಯೂಆರ್ ಕೋಡ್ ತೋರಿಸಿದರು. ಪಿಜ್ಜಾ ತಡವಾಗಿದ್ದರಿಂದಲೋ ಏನೋ, ಹಾಲ್‌ಗೆ ಹಾಲೇ ಸ್ಕ್ಯಾನ್ ಮಾಡಿ ‘ಬೇಕು’ ಒತ್ತಿತು. ಹೆಸರುಗಳು ಪರದೆಯ ಮೇಲೆ ಸರಸರನೆ ಏರಿದವು. ಮೇಷ್ಟ್ರ ಎದೆಯೂ ಉಬ್ಬಿತು.

“ಇದು ಲೆಕ್ಕಕ್ಕಿಲ್ಲ ಸಾರ್,” ಎಂದ ಸಿದ್ಧಾರ್ಥ್. ಹುಡುಗ ಒಳ್ಳೆಯವನೇ, ನಿಯಮದಲ್ಲಿ ಮಾತ್ರ ಗಟ್ಟಿ. “ಇಲ್ಲಿ ಎಲ್ರೂ ಎಲ್ರುದ್ದೂ ಒತ್ತುತೀವಿ. ಇಲ್ದಿದ್ರೆ ನಮ್ದನ್ನ ಯಾರು ಒತ್ತುತಾರೆ? ಅಂದಹಾಗೆ, ಇದು ಡೆಮೊಗೇಂತ ಬೇರೆ ಮಾಡಿರೋದು ತಾನೆ? ಇಲ್ಲಿ ಒತ್ತಿದ್ದು ಮನೆಗೆ ಹೋಗಲ್ಲ ಅಲ್ವಾ?”

ಡೆಮೊಗೊಂದು, ಮನೆಗೊಂದು ಎಂದು ಬೇರೆ ಇಟ್ಟುಕೊಳ್ಳಬೇಕೆಂಬುದು ಕರಿಬಸಪ್ಪನವರಿಗೆ ಹೊಳೆದೇ ಇರಲಿಲ್ಲ. ಅಷ್ಟರಲ್ಲಿ ಗಂಗಮ್ಮನ ಕರೆ ಬಂದು, ಆಕೆಯ ದನಿ ಸ್ಪೀಕರಿನಲ್ಲಿ ಇಡೀ ಹಾಲ್‌ಗೆ ಕೇಳಿಸಿತು.

“ಯಾರ್ರೀ ಇವರೆಲ್ಲಾ? ಅಮರೇಶಗ ರೊಟ್ಟಿ, ನಿವೇದಿತಾಗ ರೊಟ್ಟಿ, ಈರೇಶಗ ರೊಟ್ಟಿ ಅಂತ ಒಂದ ಸವನ ಒದರಾಕ ಹತ್ತೇತಿ.”

“ಅದು ಡೆಮೊ ಗಂಗಾ. ಖರೇ ಅಲ್ಲ.”

“ಮಂದಿ ಖರೇ ಹೌದೋ ಅಲ್ಲೋ?”

“ಮಂದಿ ಖರೇನ.”

“ಉಂಡಾರೋ ಇಲ್ಲೋ?”

ಕರಿಬಸಪ್ಪನವರು ಹಾಲ್‌ನತ್ತ ಒಮ್ಮೆ ನೋಡಿ, “ಇಲ್ಲ,” ಎಂದರು. ಫೋನು ಕಟ್ಟಾಯಿತು.

ರೊಟ್ಟಿ ಬೇಕೆಂದವರನ್ನು ಹಸಿದು ಕಳಿಸುವುದು ಗಂಗಮ್ಮನ ತವರಿನಲ್ಲೂ ಇರಲಿಲ್ಲ, ಗಂಡನ ಮನೆಯಲ್ಲೂ ಇರಲಿಲ್ಲ. ಕಣ್ಣು ಮಿಟುಕಿಸಲು ನೆನಪಿಸುವ ಆ್ಯಪ್ ಒಂದನ್ನು ಯಾರೋ ತೋರಿಸುತ್ತಿದ್ದಾಗ ಆಕೆ ಒಳಗೆ ಬಂದರು. ಹಿಂದೆ ದೊಡ್ಡ ಡಬ್ಬಿ ಹೊತ್ತ ಸೆಕ್ಯುರಿಟಿಯವನು. ಅವನ ಬಾಯಿ ಆಗಲೇ ಆಡುತ್ತಿತ್ತು. ಡಬ್ಬಿಯಲ್ಲಿ ತಿಂಗಳುಗಟ್ಟಲೆ ಕೆಡದ ಖಡಕ್ ರೊಟ್ಟಿ, ಆಕೆಯ ಕೈಚೀಲದಲ್ಲಿ ಶೇಂಗಾ ಚಟ್ನಿ, ಮೊಸರು. ಪಿಜ್ಜಾಕ್ಕೆಂದು ಇಟ್ಟಿದ್ದ ತಟ್ಟೆಗಳಲ್ಲಿ ಕ್ಷಣದಲ್ಲಿ ರೊಟ್ಟಿ ತುಂಬಿತು. ಹಾಲ್ ತುಂಬ ಕಟಕಟ ಸದ್ದು.

“ಅಮ್ಮ, ನೀವು ಈ ಆ್ಯಪ್ ಯೂಸ್ ಮಾಡಿದ್ರಾ?” ಎಂದು ಸಿದ್ಧಾರ್ಥ್ ರೊಟ್ಟಿ ಮುರಿಯುತ್ತಲೇ ಕೇಳಿದ.

“ನಾ ಯಾಕ ಮಾಡ್ಲಿ? ಅದು ಒದರಿತು, ನಾ ತಂದೆ.”

“ಹಂಗಾದ್ರೆ ಯೂಸರ್ ಅಲ್ಲ,” ಎಂದಿತು ಒಂದು ದನಿ. “ರೊಟ್ಟಿ ಬಂತಲ್ಲ ಗುರು, ಇನ್ನೇನ್ ಬೇಕು?” ಎಂದಿತು ತುಂಬಿದ ಬಾಯಿಯ ಇನ್ನೊಂದು. ವಾದ ಜೋರಾಯಿತು. ಕರಿಬಸಪ್ಪನವರು ಮಾತ್ರ ಮುರಿದ ರೊಟ್ಟಿಯನ್ನು ತಟ್ಟೆಗೇ ಹಾಕಿದರು. ಊರಿಗೆಲ್ಲ ಊಟವಾಯಿತು, ತಮಗೆ ಸೊನ್ನೆಯೇ ಗತಿ ಎನಿಸಿ ನಿಜಕ್ಕೂ ದುಃಖವಾಯಿತು.

“ಏನರ ಮಾಡ್ಕೋರಿ,” ಎಂದರು ಗಂಗಮ್ಮ ಗಂಡನತ್ತ ತಿರುಗಿ. “ಆದ್ರ ಅದರಾಗ ‘ಸಾಕು’ ಅಂತ ಒಂದು ಗುಂಡಿ ಇಟ್ಟೀರಲ್ಲ, ಅದನ್ನ ಒತ್ತಿದ್ರ ಹೆಸರ ಅಳಿಸಿ ಹೋಗ್ತೈತಿ. ಸಾಕು ಅಂದವರಿಗೆ ಇನ್ನೊಂದು ಹಾಕ್ಲಿಲ್ಲಂದ್ರ ಅದೆಂಥಾ ಊಟರೀ? ನಾಕು ಮಂದಿ ನಮಗೇನಂದಾರು? ಮದಲ ಅದನ್ನ ಸರಿ ಮಾಡ್ರಿ.”

ಗೋಡೆಯ ಫೋನಿನ ಬಟ್ಟೆ ಸರಿಸಿ, ಅದರಲ್ಲೂ ಇದ್ದ ಆ ಗುಂಡಿಯನ್ನೆಲ್ಲ ಆಕೆ ಯಾವಾಗ ಒತ್ತಿ ನೋಡಿದ್ದರೋ. ಕರಿಬಸಪ್ಪನವರು ಬಾಯಿ ತೆರೆದು ಹೆಂಡತಿಯನ್ನೇ ನೋಡಿದರು.

“ಇಷ್ಟು ಬೈತಾರೆ ಅಂದ್ಮೇಲೆ ಯೂಸರೇ ಕಣ್ರೀ,” ಎಂದು ಸಿದ್ಧಾರ್ಥ್ ತೀರ್ಪು ಕೊಟ್ಟ. ಆಮೇಲೆ ಮೆಲ್ಲಗೆ, “ನನ್ನ ಆ್ಯಪ್‌ಗೆ ಇವತ್ತಿನವರ್ಗೂ ಯಾರೂ ಬೈದಿಲ್ಲ,” ಎಂದ.

ಸಂಸಾರದುದ್ದಕ್ಕೂ ಹೆಂಡತಿಯಿಂದ ಬೈಸಿಕೊಂಡಿದ್ದ ಮೇಷ್ಟ್ರಿಗೆ ಇಷ್ಟು ಸಿಹಿಯಾದ ಬೈಗುಳ ಯಾವತ್ತೂ ಸಿಕ್ಕಿರಲಿಲ್ಲ. ಅಲ್ಲೇ ಮೂಲೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ, ಎರಡೇ ಬೆರಳಲ್ಲಿ ಕುಟ್ಟಿ ಕುಟ್ಟಿ ತಿದ್ದಿ, ಅಡುಗೆಮನೆಯ ಕೂಗು ಹಾಲ್‌ನ ಸ್ಪೀಕರಿಗೂ ಬರುವಂತೆ ಮಾಡಿದರು. “ಈಗ ಒತ್ತಪಾ,” ಎಂದರು.

ಹೊಟ್ಟೆ ಬಿರಿಯುವಷ್ಟು ತಿಂದಿದ್ದ ಸಿದ್ಧಾರ್ಥ್ ‘ಸಾಕು’ ಒತ್ತಿದ. “ಸಿದ್ಧಾರ್ಥಗ ಇನ್ನೊಂದು,” ಎಂದು ಸ್ಪೀಕರು ಕೂಗಿತು. ಗಂಗಮ್ಮ ಡಬ್ಬಿಗೆ ಕೈ ಹಾಕಿದ್ದನ್ನು ಕಂಡು ಅವನು ಎರಡೂ ಕೈಯಿಂದ ತಟ್ಟೆ ಮುಚ್ಚಿಕೊಂಡ. ಆಕೆ ರೊಟ್ಟಿಯನ್ನು ಅವನ ಕೈಗಳ ಮೇಲೆಯೇ ಇಟ್ಟರು.